ಪಟೇಲರ ಬಾಗಿಲ ಬಿಸಿಲು

ಹುಣಸೆಕೊಪ್ಪಲಿನ ಪುಟ್ಟಮಾದಯ್ಯನ ತಾಯಿ ದೊಡ್ಡತಾಯಮ್ಮ ಐದು ವರ್ಷದಿಂದ ಮನೆಯ ಹೊಸ್ತಿಲು ದಾಟಿರಲಿಲ್ಲ. ಕಾಲಿಗೆ ಏನೂ ಆಗಿರಲಿಲ್ಲ. ಆಗಿದ್ದುದೆಲ್ಲ ಮಗನ ಮರ್ಯಾದೆಗೆ.

ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾದ ಮೇಲೆ ಪುಟ್ಟಮಾದಯ್ಯ ಎರಡು ಎಕರೆಗೆ ಕಬ್ಬು ಹಾಕಿದ್ದ. ಕಬ್ಬು ಕೈಹಿಡಿಯಿತು. ಹುಲ್ಲಿನ ಮನೆ ಹೋಗಿ ಹೆಂಚಿನ ಮನೆ ಬಂತು. ಹೆಂಚು ಬಂದ ಮೇಲೆ ಸುಮ್ಮನಿರಲು ಯಾರಿಂದ ಆಗುತ್ತದೆ? ಒಂದು ಸಲ ಕಬ್ಬಿನ ಗಾಡಿಯ ಜೊತೆ ಮಂಡ್ಯಕ್ಕೆ ಹೋದಾಗ ಯಾರೋ ದೊಡ್ಡ ಸಾಹೇಬರ ಬಂಗಲೆಯ ಕಿಟಕಿಯಲ್ಲಿ ಒಬ್ಬ ಮುದುಕಿ ತೂಗುಮಣೆಯ ಮೇಲೆ ಕೂತಿದ್ದುದನ್ನು ಕಂಡ. ಗೇಟಿನ ಜವಾನನನ್ನು ಕೇಳಿದ. “ಅವರು ಸಾಹೇಬರ ತಾಯಿ. ಅಂಗಳಕ್ಕೂ ಇಳಿಯೋದಿಲ್ಲ” ಎಂದು ಜವಾನ ತನ್ನ ಸ್ವಂತ ತಾಯಿಯ ಮಾತು ಹೇಳುವಂತೆ ಎದೆ ಉಬ್ಬಿಸಿ ಹೇಳಿದ. ಪುಟ್ಟಮಾದಯ್ಯನಿಗೆ ಅಷ್ಟು ಸಾಕಾಯಿತು.

ಮಾರನೆಯ ದಿನವೇ ಅವ್ವನ ಕೈಯಿಂದ ಕುಡುಗೋಲು ಕಿತ್ತುಕೊಂಡ. “ಇನ್ ಮ್ಯಾಲೆ ನೀನು ನೆಳ್ಳಾಗಿರ್ಬೇಕು ಕಣವ್ವಾ. ನಿನ್ ಕಾಲ್ಗೆ ಮಣ್ಣು ಸೋಕಿದ್ರೆ ನನ್ ಮರ್ವಾದೆ ಏನಾಗ್ಬೇಡ?” ಎಂದ. ದೊಡ್ಡತಾಯಮ್ಮ ಅರುವತ್ತು ವರ್ಷ ಮಣ್ಣಿನಲ್ಲೇ ಗೇದವಳು. ಆ ಅರುವತ್ತು ವರ್ಷದಲ್ಲಿ ಅವನ ಮರ್ಯಾದೆ ಎಲ್ಲಿತ್ತು ಎಂದು ಅವಳು ಕೇಳಬಹುದಿತ್ತು. ಕೇಳಲಿಲ್ಲ. ನಡುಮನೆಯ ಕಂಬಕ್ಕೆ ಒರಗಿ ಕೂತಳು.

ಪುಟ್ಟಮಾದಯ್ಯ ಮಾತ್ರ ಸುಮ್ಮನೆ ಕೂರಲಿಲ್ಲ. ಮದ್ದೂರಿನ ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ, ಚಿಕ್ಕರಸಿನಕೆರೆಯಲ್ಲಿ ಬಸ್ಸು ಕಾಯುವಾಗ, ವೈದ್ಯನಾಥಪುರದ ದೇವರಿಗೆ ಹಣ್ಣುಕಾಯಿ ಮಾಡಿಸುವಾಗ, ಕೇಳಿದವರಿಗೂ ಕೇಳದವರಿಗೂ ಒಂದೇ ಮಾತು: “ನಮ್ಮವ್ವ ಹೊಸ್ಲು ದಾಟಕ್ಕಿಲ್ಲ.” ಕೇಳಿದವರು “ಪುಣ್ಯವಂತೆ” ಎನ್ನುತ್ತಿದ್ದರು. ಅವನ ಹೆಂಡತಿ ರೇವಮ್ಮ ದಿನವಿಡೀ ಗದ್ದೆಯಲ್ಲಿ ಬೆನ್ನು ಬಗ್ಗಿಸುತ್ತಿದ್ದಳು. ಅವಳ ಪುಣ್ಯದ ಮಾತು ಯಾರೂ ಎತ್ತಲಿಲ್ಲ.

ಐದನೆಯ ವರ್ಷದ ದೀಪಾವಳಿಯಲ್ಲಿ ದೊಡ್ಡತಾಯಮ್ಮ ಮಣೆಯಿಂದ ಏಳಲು ನೆಲಕ್ಕೆ ಕೈಯೂರಿದಳು. ಮಣಿಕಟ್ಟು ಲಟಕ್ಕೆಂದಿತು. ನಾಟಿ ವೈದ್ಯ ಬಿದಿರಿನ ದಬ್ಬೆ ಕಟ್ಟಿದ. ಅದು ಕೂಡುವ ಹೊತ್ತಿಗೆ ಒಂದು ಬೆಳಿಗ್ಗೆ ಒಗ್ಗರಣೆ ಘಾಟಿಗೆ ಸೀನಿದಳು. ಪಕ್ಕೆಲುಬು ಬಿರುಕು ಬಿಟ್ಟಿತು. ಸೀನಿದರೆ ಮೂಳೆ ಮುರಿಯುವ ಸಂಗತಿಯನ್ನು ನಾಟಿ ವೈದ್ಯ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. “ಇದು ನನ್ ಕೈಗೆ ನಿಲುಕ್ದು. ಮಂಡ್ಯಕ್ಕೆ ಎತ್ಕಂಡೋಗು” ಎಂದು ದಬ್ಬೆ ಬಿಚ್ಚಿಕೊಂಡು ಹೊರಟುಹೋದ.

ಮಂಡ್ಯದ ಡಾಕ್ಟರು ಕನ್ನಡಕದ ವಯಸ್ಸಾದವರು. ಮುದುಕಿಯ ಬೆನ್ನು, ಕೈ, ಕಾಲು ಒತ್ತಿ ನೋಡಿದರು. ಚರ್ಮ ಸುಲಿದ ಬೆಳ್ಳುಳ್ಳಿಯ ಬಣ್ಣಕ್ಕೆ ತಿರುಗಿತ್ತು.

“ಈಕೆ ಬಿಸಿಲು ಕಂಡು ಎಷ್ಟು ದಿನ ಆಯಿತು?” ಎಂದು ಕೇಳಿದರು.

ಪುಟ್ಟಮಾದಯ್ಯ ನೆಟ್ಟಗಾದ. “ದಿನ ಅಲ್ಲ ಸೋಮಿ, ಐದು ವರ್ಸ. ಅಂಗಳಕ್ಕೂ ಇಳ್ಸಿಲ್ಲ ನಾನು.”

ಡಾಕ್ಟರು ಕನ್ನಡಕ ತೆಗೆದರು. “ನೀನೇ ಮಾಡಿದ್ದಾ ಇದನ್ನ?”

“ನಾನೇ ಸೋಮಿ.”

“ಮೂಳೆಯೆಲ್ಲ ಟೊಳ್ಳಾಗಿದೆ ಕಣಯ್ಯ. ವಯಸ್ಸಾದ ಹೆಂಗಸರಿಗೆ ಮೂಳೆ ಸವೆಯೋದು ಉಂಟು. ನೀನು ಅದಕ್ಕೆ ಕೈ ಜೋಡಿಸಿದೀಯ. ರಾಗಿ ತಿನ್ನುತ್ತಾಳೆ, ಮಜ್ಜಿಗೆ ಕುಡಿಯುತ್ತಾಳೆ. ಅದರಲ್ಲಿ ಮೂಳೆ ಕಟ್ಟೋಕೆ ಬೇಕಾದಷ್ಟು ಸುಣ್ಣ ಇದೆ. ಆದರೆ ಸುಣ್ಣದ ರಾಶಿ ತಂದು ಸುರಿದರೆ ಗೋಡೆ ತಾನಾಗಿ ಏಳುತ್ತದಾ? ಮೇಸ್ತ್ರಿ ಬೇಡವಾ? ವಿಟಮಿನ್ ಡಿ ಅಂತ ಒಂದಿದೆ, ಅದೇ ಮೇಸ್ತ್ರಿ. ಚರ್ಮಕ್ಕೆ ಬಿಸಿಲು ಬಿದ್ದರೆ ಮೈಯೊಳಗೇ ಹುಟ್ಟುತ್ತದೆ. ನೀನು ಐದು ವರ್ಷ ಮೇಸ್ತ್ರೀನ ಬಾಗಿಲಾಚೆ ನಿಲ್ಲಿಸಿದೀಯ.”

ಮೀನೆಣ್ಣೆಯಲ್ಲೂ ಆ ಮೇಸ್ತ್ರಿ ಇರುತ್ತಾನಂತೆ. ಆದರೆ ಸೀಸೆಗಳು ಮುಗಿದಿದ್ದವು, ಮದ್ರಾಸಿನಿಂದ ಬರಬೇಕಿತ್ತು. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಹತ್ತರಿಂದ ಹನ್ನೊಂದು, ಬೆನ್ನು ತೋಳು ಬರಿದು ಮಾಡಿ, ಕಂಬಳಿ ಛತ್ರಿ ಏನೂ ಇಲ್ಲದೆ ಬಿಸಿಲಲ್ಲಿ ಕೂರಿಸಬೇಕು. ಎರಡು ತಿಂಗಳು ತಪ್ಪಿಸಬಾರದು. ರಾಗಿ, ಎಳ್ಳು, ಸೊಪ್ಪು ಚೆನ್ನಾಗಿ ಕೊಡಬೇಕು. ಅಷ್ಟನ್ನೂ ಡಾಕ್ಟರು ತಮ್ಮ ಹೆಸರು ಅಚ್ಚಾದ ಕಾಗದದ ಮೇಲೆ ಇಂಗ್ಲಿಷಿನಲ್ಲಿ ಬರೆದು ಮೊಹರು ಒತ್ತಿದರು.

“ಈ ಸಲ ಮಣಿಕಟ್ಟು, ಪಕ್ಕೆಲುಬು. ಮುಂದಿನದು ತೊಡೆಯ ಸಂದು. ಈ ವಯಸ್ಸಿನಲ್ಲಿ ಅದು ಮುರಿದರೆ ಮಲಗಿದವರು ಏಳೋದಿಲ್ಲ. ಹುಷಾರು” ಎಂದರು.

ಗಾಡಿಯಲ್ಲಿ ವಾಪಸು ಬರುವಾಗ ಪುಟ್ಟಮಾದಯ್ಯನಿಗೆ ನಿಜವಾಗಿಯೂ ಭಯವಾಗಿತ್ತು. ಅವನಿಗೆ ಅವ್ವ ಎಂದರೆ ಪ್ರಾಣ. ಆದರೆ ಮರ್ಯಾದೆಯೂ ಪ್ರಾಣವೇ. ಎರಡು ಪ್ರಾಣ ಇಟ್ಟುಕೊಂಡವನ ಕಷ್ಟ ಒಂದೇ ಪ್ರಾಣದ ನಮ್ಮಂಥವರಿಗೆ ತಿಳಿಯುವುದಿಲ್ಲ. ಅವ್ವನ ಮೂಳೆ ಟೊಳ್ಳಾದದ್ದು ತನ್ನ ನೆರಳಿನಿಂದ ಎಂದು ಊರಿಗೆ ಗೊತ್ತಾದರೆ ಐದು ವರ್ಷ ಮದ್ದೂರಿನ ಸಂತೆಯಲ್ಲಿ ಆಡಿದ ಮಾತನ್ನೆಲ್ಲ ಯಾವ ಚೀಲಕ್ಕೆ ತುಂಬಿಕೊಳ್ಳುವುದು?

ಅದಕ್ಕಿಂತ ಮೊದಲು ಬಿಸಿಲು ಹುಡುಕಬೇಕಿತ್ತು. ಅವನ ಮನೆಯ ಮುಂದೆ ಮೂರು ಹುಣಸೆಮರ, ಹಿತ್ತಿಲಲ್ಲಿ ಎರಡು. ಐದೂ ಊರದೇವತೆಯ ಹೆಸರಿಗೆ ಬಿಟ್ಟ ಮರಗಳು, ಒಂದು ರೆಂಬೆ ಕಡಿಯುವಂತಿಲ್ಲ. ಹೊಲಕ್ಕೆ ಅವ್ವ ನಡೆಯಲಾರಳು. ಬೆಳಿಗ್ಗೆ ಹತ್ತು ಗಂಟೆಗೆ ಒಂದು ಎಲೆಯ ನೆರಳೂ ಬೀಳದ ಜಾಗ ಇಡೀ ಊರಿನಲ್ಲಿ ಒಂದೇ. ಅದು ಅವನ ಮನೆಗೆ ನಾಲ್ಕು ಮನೆ ಆಚೆ, ಪಟೇಲ್ ಚಿಕ್ಕಬೋರಯ್ಯನವರ ಬಾಗಿಲ ಮುಂದಿನ ಬಯಲು. ಪಟೇಲರ ಮನೆ ಪೂರ್ವಕ್ಕೆ ಮುಖ ಮಾಡಿತ್ತು.

ಸಂಕ್ರಾಂತಿ ಕಳೆದ ಮೂರನೆಯ ದಿನ ಪುಟ್ಟಮಾದಯ್ಯ ಅವ್ವನಿಗೆ ತಲೆಗೆ ನೀರು ಹಾಕಿಸಿ, ಹೊಟ್ಟೆ ತುಂಬ ರಾಗಿ ಅಂಬಲಿ ಕುಡಿಸಿ, ಎತ್ತಿಕೊಂಡು ಹೋಗಿ ಆ ಬಯಲಿನಲ್ಲಿ ಚಾಪೆ ಹಾಸಿ ಕೂರಿಸಿದ. ಬೆನ್ನಿಗೆ ಬಿಸಿಲು ಬೀಳಬೇಕಾದರೆ ಮುಖ ಪಶ್ಚಿಮಕ್ಕೆ ತಿರುಗಬೇಕಲ್ಲ. ಪಶ್ಚಿಮಕ್ಕೆ ಪಟೇಲರ ಬಾಗಿಲಿತ್ತು. ಸೆರಗು ಬೆನ್ನಿನಿಂದ ಸರಿಸಿದ. ಒದ್ದೆ ಕೂದಲು ಹರಡಿದ.

“ಯಾರಾದ್ರೂ ಕೇಳುದ್ರೆ ತುಟಿ ಬಿಚ್ಬ್ಯಾಡ. ಅಂಗೇ ಕುಂತಿರು” ಎಂದು ಹೇಳಿ ಮನೆಗೆ ಬಂದುಬಿಟ್ಟ. ದೊಡ್ಡತಾಯಮ್ಮ ಮಗನ ಮುಖ ನೋಡಿದಳು, “ಊಂ” ಎಂದಳು.

ಈಗ ಪಟೇಲರ ಕಡೆಯಿಂದ ನೋಡಬೇಕು. ಅನ್ಯಾಯವಾದವರು ಅನ್ಯಾಯ ಮಾಡಿದವನ ಬಾಗಿಲಿಗೆ ಬಂದು ಅನ್ನ ನೀರು ಬಿಟ್ಟು ಮಾತಿಲ್ಲದೆ ಕೂರುವುದು ಆ ಸೀಮೆಯಲ್ಲಿ ಅಜ್ಜಂದಿರ ಕಾಲದ ಪದ್ಧತಿ, ಅದಕ್ಕೆ ‘ಮೇಲೆ ಕೂರುವುದು’ ಎನ್ನುತ್ತಾರೆ. ಕೂತವರು ಅಲ್ಲೇ ಸತ್ತರೆ ಆ ಮನೆ ಏಳು ತಲೆಮಾರು ಏಳುವುದಿಲ್ಲ ಎಂಬುದು ನಂಬಿಕೆ. ಅಂಥಾದ್ದರಲ್ಲಿ ಐದು ವರ್ಷ ಹೊಸ್ತಿಲು ದಾಟದ ಮುದುಕಿ, ಗಂಡ ಸತ್ತವಳು, ತಲೆ ಬಿಚ್ಚಿ ಹರಡಿಕೊಂಡು, ಮಿಕಮಿಕ ನೋಡುತ್ತ ತಮ್ಮ ಬಾಗಿಲಿಗೆ ಎದುರಾಗಿ ಕೂತಿದ್ದಾಳೆ. ಬಾಯಿಗೆ ಹಾಕಲು ಹೊರಟಿದ್ದ ಅಡಿಕೆ ಪಟೇಲರ ಕೈಯಲ್ಲೇ ಉಳಿಯಿತು.

ಪಟೇಲರ ಹೆಂಡತಿ ಹೊಂಬಾಳಮ್ಮ ಬಾಗಿಲ ಸಂದಿಯಿಂದ ಇಣುಕಿದರು. “ಏನ್ ಮಾಡಿದ್ದೀರಿ ಆವಮ್ಮಂಗೆ?”

“ನಾನೇನ್ ಮಾಡ್ದೆ?” ಎಂದರು ಪಟೇಲರು.

“ಏನೂ ಮಾಡ್ದಿದ್ರೆ ನಮ್ ಬಾಗ್ಲಿಗೇ ಯಾಕ್ ಬಂದು ಕುಂತವ್ಳೆ? ಜವರಯ್ಯನ ಬಾಗ್ಲಿಗೆ ಯಾಕ್ ಕೂರ್ಲಿಲ್ಲ?”

ಪಟೇಲರಿಗೆ ಉತ್ತರ ಗೊತ್ತಿತ್ತು, ಹೆಂಡತಿಗೆ ಹೇಳುವಂಥದ್ದಾಗಿರಲಿಲ್ಲ. ನಾಲೆಯ ನೀರಿನ ಸರದಿಯಲ್ಲಿ ಗುರುವಾರ ಪುಟ್ಟಮಾದಯ್ಯನ ಗದ್ದೆಗೆ ಸೇರಬೇಕಾದ ನೀರು ಎರಡು ವರ್ಷದಿಂದ ಪಟೇಲರ ಗದ್ದೆಗೆ ಹೋಗುತ್ತಿತ್ತು. ನೀರಿಗೆ ಕಣ್ಣಿಲ್ಲ, ತಗ್ಗು ಕಂಡ ಕಡೆ ಹರಿಯುತ್ತದೆ ಎಂದು ಪಟೇಲರು ಸಮಾಧಾನ ಮಾಡಿಕೊಂಡಿದ್ದರು. ತಗ್ಗು ತೋಡಿಸಿದವರೂ ಅವರೇ.

ಹೊಂಬಾಳಮ್ಮ ಮಜ್ಜಿಗೆ ಕಳುಹಿಸಿದರು. ಅಂಬಲಿ ಕುಡಿದು ಹೊಟ್ಟೆ ಬಿರಿದಿದ್ದ ದೊಡ್ಡತಾಯಮ್ಮ ತಲೆಯಾಡಿಸಿ ಬೇಡವೆಂದಳು. ರೊಟ್ಟಿ ಬಂತು, ಅದಕ್ಕೂ ತಲೆಯಾಡಿಸಿದಳು. “ಅನ್ನ ನೀರು ಮುಟ್ತಿಲ್ಲ” ಎಂಬ ಸುದ್ದಿ ಹನ್ನೊಂದು ಗಂಟೆಯೊಳಗೆ ಊರೆಲ್ಲ ಹರಡಿತು. ಹನ್ನೊಂದಕ್ಕೆ ಪುಟ್ಟಮಾದಯ್ಯ ಬಂದು ಅವ್ವನನ್ನು ಎತ್ತಿಕೊಂಡು ಹೋದ. ಮಾರನೆಯ ದಿನ ಹತ್ತಕ್ಕೆ ಮತ್ತೆ ತಂದು ಕೂರಿಸಿದ.

ಎರಡನೆಯ ದಿನ ಸಂಜೆ ಪಟೇಲರು ಯಾರಿಗೂ ಹೇಳದೆ ಹೋಗಿ ತೂಬು ಎತ್ತಿಸಿ ನೀರನ್ನು ಪುಟ್ಟಮಾದಯ್ಯನ ಗದ್ದೆಗೆ ತಿರುಗಿಸಿದರು. ಎರಡು ವರ್ಷದ ನೀರನ್ನು ಒಂದೇ ಸಲಕ್ಕೆ ತೀರಿಸಿಬಿಡುವ ಆತುರ. ಬೆಳಿಗ್ಗೆ ರೇವಮ್ಮ ಕೀಳಲು ಹೋದರೆ ಅರ್ಧ ಎಕರೆ ಹುರುಳಿ ನೀರಿನಲ್ಲಿ ತೇಲುತ್ತಿತ್ತು. ಮೊಣಕಾಲು ಕೆಸರಿನಲ್ಲಿ ಮನೆಗೆ ಬಂದವಳು ಇದು ಯಾರ ಕೆಲಸ ಎಂದು ಗಂಡನನ್ನು ಕೇಳಿದಳು. “ಪಟೇಲ್ರಿಗೆ ತಲೆ ಕೆಟ್ಟದೆ” ಎಂದಷ್ಟೇ ಪುಟ್ಟಮಾದಯ್ಯ ಹೇಳಿದ.

ಮೂರನೆಯ ದಿನವೂ ಮುದುಕಿ ಬಂದು ಕೂತಾಗ ಪಟೇಲರು ಜಗಲಿಯಿಂದ ಎದ್ದು ನಿಂತರು. ನೀರು ಬಿಟ್ಟದ್ದಾಯಿತು, ಇನ್ನೇನು ಬೇಕು ಇವಳಿಗೆ? ಸಾಯಲೆಂದೇ ಕೂತಿರಬೇಕು. ಬಿಸಿಲಲ್ಲಿ ಒಣಗಿ ಸತ್ತರೆ ಏಳು ತಲೆಮಾರು! ತಮ್ಮ ಕರಿ ಛತ್ರಿ ತಂದು ಬಿಚ್ಚಿ, ಚಾಪೆಯ ಪಕ್ಕ ಗೂಟ ಹೊಡೆದು ಕಟ್ಟಿದರು. ಪುಟ್ಟಮಾದಯ್ಯ ಓಡಿಬಂದು ಛತ್ರಿ ಕಿತ್ತ.

“ನೆಳ್ಳು ಮಾಡ್ಬ್ಯಾಡಿ ಪಟೇಲ್ರೇ! ನಮ್ಮವ್ವಂಗೆ ನೆಳ್ಳು ಕೂಡ್ದು!”

“ಬ್ಯಾಡ ಕಣೋ ಪುಟ್ಟಮಾದ, ಎತ್ತ ತಾಯಿ ಕಣೋ! ಕೊಲ್ಬ್ಯಾಡ ಕಣೋ!” ಎಂದರು ಪಟೇಲರು.

“ಇದು ಔಸ್ದಿ ಪಟೇಲ್ರೇ. ಬಿಸ್ಲು ಔಸ್ದಿ, ಮೂಳೆಗೆ” ಎಂದು ಪುಟ್ಟಮಾದಯ್ಯ ಅರ್ಧ ನಿಜ ಹೇಳಿದ.

ಅಷ್ಟು ಹೊತ್ತಿಗೆ ಸುತ್ತ ಸೇರಿದ್ದವರು ಹೊಟ್ಟೆ ಹಿಡಿದು ನಕ್ಕರು. ನಾಲೆಯ ಕೊನೆಯಲ್ಲಿ ಗದ್ದೆ ಇಟ್ಟುಕೊಂಡು ಪ್ರತಿ ಬೇಸಿಗೆಯಲ್ಲೂ ಒಣಗುತ್ತಿದ್ದ ಜವರಯ್ಯ ಮುಂದೆ ಬಂದ. “ಬಿಸ್ಲು ಔಸ್ದಿಯಾ? ಅಂಗಾರೆ ನಾವೆಲ್ಲ ಉಟ್ಟಿದಾಗ್ನಿಂದ ದಿನಾ ಪಡಿ ಪಡಿ ಔಸ್ದಿ ಕುಡೀತಾ ಇದ್ದೀವಿ ಬುಡು. ನಮ್ ಎಮ್ಮೆನೂ ಕುಡೀತದೆ. ನಿಮ್ಮವ್ವ ಅರ್ವತ್ತು ವರ್ಸ ಗದ್ದೇಲಿ ಬೆಂದವ್ಳೆ, ಅವ್ಳಿಗೆ ಬಿಸ್ಲು ಕಮ್ಮಿ ಆಯ್ತೇನ್ಲಾ?”

ಇಲ್ಲಿ ಪುಟ್ಟಮಾದಯ್ಯ ಉಳಿದರ್ಧ ಹೇಳಿದ್ದರೆ ಕಥೆ ಮುಗಿಯುತ್ತಿತ್ತು. ಹೌದಪ್ಪಾ, ಕಮ್ಮಿ ಮಾಡಿದವನು ನಾನೇ ಎಂದಿದ್ದರೆ ಸಾಕಿತ್ತು. ಆದರೆ ಎದುರಿಗೆ ಐದು ವರ್ಷ “ಪುಣ್ಯವಂತೆ” ಎಂದಿದ್ದ ಮುಖಗಳೇ ಇದ್ದವು. ಬದಲಿಗೆ ಜೇಬಿನಿಂದ ಡಾಕ್ಟರ ಕಾಗದ ತೆಗೆದು ಪಟೇಲರ ಮುಂದೆ ಹಿಡಿದ. ಪಟೇಲರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಅಚ್ಚಾದ ತಲೆಬರಹ, ಮಂಡ್ಯದ ಮೊಹರು, ಕೆಳಗೆ ದಪ್ಪ ರುಜು ಇದ್ದರೆ ಅದು ವಕೀಲರ ನೋಟೀಸು ಎಂಬುದನ್ನು ತಿಳಿಯಲು ಇಂಗ್ಲಿಷ್ ಬೇಕಾಗಿರಲಿಲ್ಲ.

“ಲಾಯರಿ ತಾವ್ಲೂ ಓಗಿದ್ದೀಯಾ!” ಎಂದು ಪಟೇಲರು ಜಗಲಿಯ ಮೇಲೆ ಕುಸಿದು ಕೂತರು.

ಬೆಳಿಗ್ಗೆ ಹುರುಳಿ ತೇಲಿದ್ದನ್ನು ಕಂಡಿದ್ದ ಜವರಯ್ಯನಿಗೆ ಆ ಮಾತು ಬೇರೆಯ ಬೆಳಕು ತೋರಿಸಿತು. ನೀರಿನ ಸರದಿಗಾಗಿ ಒಬ್ಬ ಮುದುಕಿ ಪಟೇಲರ ಮೇಲೆ ಕೂತಿದ್ದಾಳೆ, ಮಗ ಲಾಯರಿ ಹಿಡಿದಿದ್ದಾನೆ, ಗಂಡಸರಾದ ನಾವು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೇವೆ! ಟವೆಲ್ಲು ಕೊಡವಿ ದೊಡ್ಡತಾಯಮ್ಮನ ಪಕ್ಕ ಕೂತೇಬಿಟ್ಟ. ಅವನ ಹಿಂದೆ ನಾಲೆಯ ಬಾಲದ ಗದ್ದೆಯವರು ಹತ್ತು ಜನ ಕೂತರು. ಹಿಂದಿನ ವರ್ಷವಷ್ಟೇ ಶಿವಪುರದಲ್ಲಿ ಬಾವುಟ ಏರಿಸಿದ ಸತ್ಯಾಗ್ರಹ ನಡೆದಿತ್ತು, ಕೂರುವುದನ್ನು ಈ ಸೀಮೆಯವರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ.

ನಾಲ್ಕನೆಯ ದಿನ ಪಟೇಲರೇ ಆಳು ಬಿಟ್ಟು ಇಡೀ ಬಯಲಿಗೆ ತೆಂಗಿನ ಗರಿಯ ಚಪ್ಪರ ಹಾಕಿಸಿದರು. ತಮ್ಮ ಮೇಲೆ ಕೂತವರಿಗೆ ತಾವೇ ಚಪ್ಪರ ಹಾಕಿಸಿದ ಪಟೇಲರು ಮೈಸೂರು ಸಂಸ್ಥಾನದಲ್ಲಿ ಇವರೊಬ್ಬರೇ ಇರಬೇಕು. ಯಾರು ಎಷ್ಟು ದಿನ ಬೇಕಾದರೂ ಕೂರಲಿ, ಬಿಸಿಲಿಗೆ ಸಾಯದಿದ್ದರೆ ಸಾಕು ಎಂಬುದು ಅವರ ಲೆಕ್ಕ. ಗರಿ ಒತ್ತಾಗಿ ಹೊದಿಸಿದ್ದರು, ಒಂದು ಸೂಜಿಯಷ್ಟು ಬಿಸಿಲೂ ಇಳಿಯುತ್ತಿರಲಿಲ್ಲ. ಪುಟ್ಟಮಾದಯ್ಯ ಅವ್ವನನ್ನು ಚಪ್ಪರದಾಚೆಗೆ ಕೂರಿಸಲು ಹೋದರೆ ಜವರಯ್ಯ ಬಿಡಲಿಲ್ಲ. “ನಾಯಕ್ರನ್ನ ಬಿಸ್ಲಲ್ಲಿ ಕೂರುಸ್ತಾರೇನ್ಲಾ?” ಎಂದು ಮುದುಕಿಯನ್ನು ಚಪ್ಪರದ ನಟ್ಟನಡುವೆ, ಎಲ್ಲಕ್ಕಿಂತ ದಟ್ಟ ನೆರಳಿನಲ್ಲಿ, ಎರಡು ಕಂಬಳಿ ಮಡಿಸಿ ಕೂರಿಸಿದ. ಒಬ್ಬ ಬೀಸಣಿಗೆ ಬೀಸಿದ. ಇನ್ನೊಬ್ಬ ಚೆಂಡುಹೂವಿನ ಹಾರ ತಂದು ಹಾಕಿದ. ದೊಡ್ಡತಾಯಮ್ಮ ಹಾರದೊಳಗಿಂದ ಮಗನನ್ನು ನೋಡಿದಳು. ತುಟಿ ಬಿಚ್ಚಲಿಲ್ಲ.

ಹೀಗೆ ಆರು ದಿನ ಔಷಧಿ ತಪ್ಪಿತು. ಚಪ್ಪರ ಹಾಕಿದ ಆರನೆಯ ದಿನ ಸಂಜೆ ಬಚ್ಚಲಿಗೆ ಹೋಗುವಾಗ ದೊಡ್ಡತಾಯಮ್ಮನ ಕಾಲು ತಡವರಿಸಿತು. ರೇವಮ್ಮ ತೋಳು ಹಿಡಿಯದಿದ್ದರೆ ಬಿದ್ದೇಬಿಡುತ್ತಿದ್ದಳು. ಪುಟ್ಟಮಾದಯ್ಯನಿಗೆ ಊಟ ಸೇರಲಿಲ್ಲ.

ಮಾರನೆಯ ದಿನ ಮಳವಳ್ಳಿಗೆ ಕೊಟ್ಟಿದ್ದ ಅವನ ಅಕ್ಕ ಬೀರಮ್ಮ ಬಸ್ಸಿಳಿದು, ಊರ ಬಾಗಿಲಿನಿಂದಲೇ ಎದೆ ಬಡಿದುಕೊಳ್ಳುತ್ತ ಬಂದಳು. ಮಳವಳ್ಳಿಗೆ ಮುಟ್ಟುವ ಹೊತ್ತಿಗೆ ಸುದ್ದಿ ಸ್ವಲ್ಪ ಬೆಳೆದಿತ್ತು. ಪುಟ್ಟಮಾದಯ್ಯ ತಾಯಿಯನ್ನು ಮನೆಯಿಂದ ಹೊರಗೆ ಹಾಕಿದ್ದಾನೆ, ಪಟೇಲರು ಪಾಪ ಅಂತ ಚಪ್ಪರ ಹಾಕಿಸಿ ಕೊಟ್ಟಿದ್ದಾರೆ ಎಂಬುದು ಅಲ್ಲಿಗೆ ಬಂದ ಪಾಠ.

“ಎಂಚಿನ ಮನೆ ಕಟ್ಸಿ ಅವ್ವುನ್ನ ಬೀದಿಗೆ ಆಕಿದ್ಯಲ್ಲೋ ಪಾಪಿ! ನಿನ್ ಕೈಗೆ ಬರಬಾರ್ದು ಬರ!” ಎಂದು ತಮ್ಮನ ಮೇಲೆ ಎರಗಿದಳು. “ನಾಳೆ ಮೊದಲ್ನೇ ಬಸ್ಸಿಗೆ ನಮ್ಮೂರಿಗೆ ಕರ್ಕಂಡೋಯ್ತೀನಿ. ನಮ್ ನಡುಮನೇಲಿ ನೆಳ್ಳಾಗೆ ಇಕ್ಕಂತೀನಿ. ಸಾಯೋಗಂಟ ಕೆಳಕ್ಕೆ ಕಾಲಿಡ್ಸಾಕಿಲ್ಲ, ನೋಡ್ತಿರು!”

ಬೀರಮ್ಮ ಆಡಿದ ಮಾತು ಮಾಡುವವಳು. ಮಳವಳ್ಳಿಯ ರಸ್ತೆಯೋ ದೇವರಿಗೇ ಪ್ರೀತಿ. ಆ ಬಸ್ಸಿನ ಕುಲುಕಿಗೆ ಗಟ್ಟಿ ಮೂಳೆಯವರೇ ಸೊಂಟ ಹಿಡಿದುಕೊಂಡು ಇಳಿಯುತ್ತಿದ್ದರು. ಕುಲುಕಿನಲ್ಲಿ ಉಳಿದರೂ ಅಲ್ಲಿ ಮತ್ತೆ ನಡುಮನೆ, ಮತ್ತೆ ಕಂಬ. ಡಾಕ್ಟರು ಹೇಳಿದ ತೊಡೆಯ ಸಂದು ಪುಟ್ಟಮಾದಯ್ಯನ ಕಣ್ಣ ಮುಂದೆ ಬಂತು.

ಅದೇ ಹೊತ್ತಿಗೆ ಕುದುರೆಯ ಮೇಲೆ ಶೇಕ್‌ದಾರರು ಬಂದರು. ಹೋಬಳಿಯ ಕಂದಾಯ ಅಧಿಕಾರಿ, ಹಿಂದೆ ಇಬ್ಬರು ಪೊಲೀಸರು. ಶಿವಪುರವಾದ ಮೇಲೆ ಐದು ಜನ ಒಂದು ಕಡೆ ಕೂತರೆ ಸರ್ಕಾರಕ್ಕೆ ನಿದ್ದೆ ಹಾರುತ್ತಿತ್ತು. ಇಲ್ಲಿ ಮೂವತ್ತು ಜನ, ಚಪ್ಪರ, ಹಾರ ಬೇರೆ.

“ಬಾವುಟ ಎಲ್ಲಿದೆ?” ಎಂದು ಶೇಕ್‌ದಾರರು ಕುದುರೆಯಿಂದ ಇಳಿಯುವ ಮೊದಲೇ ಕೇಳಿದರು.

“ಬಾವುಟ ಇಲ್ಲ ಸೋಮಿ, ಮುದ್ಕಿ ಅವ್ಳೆ” ಎಂದ ಜವರಯ್ಯ.

ಪಟೇಲರು ಕೈಮುಗಿದು ಮುಂದೆ ಬಂದರು. “ನೀರು ಬುಟ್ಟಿದ್ದೀನಿ ಮಾಸ್ವಾಮಿ. ಬೇಕಾದ್ರೆ ನೋಡಿ, ಉರುಳಿ ತೇಲ್ತಾ ಅದೆ.”

ಶೇಕ್‌ದಾರರಿಗೆ ತಲೆಬುಡ ತಿಳಿಯಲಿಲ್ಲ. ಜಗಲಿಯ ಮೇಲೆ ಕೂತು ಕಾಗದ ಪೆನ್ನು ತೆಗೆದು ಮುದುಕಿಯನ್ನೇ ಕೇಳಿದರು. “ನಿಮ್ಮ ಬೇಡಿಕೆ ಏನಮ್ಮ? ಸರ್ಕಾರದಿಂದ ಏನು ಬೇಕು?”

ದೊಡ್ಡತಾಯಮ್ಮ ಹತ್ತು ದಿನದಲ್ಲಿ ಮೊದಲ ಸಲ ಬಾಯಿ ಬಿಟ್ಟಳು. “ಬಿಸ್ಲು” ಎಂದಳು.

ಶೇಕ್‌ದಾರರು ಬರೆಯಲು ಹೋಗಿ ನಿಂತರು. “ಏನು?”

“ಬಿಸ್ಲು ಕಣಪ್ಪ. ಈ ಗರಿ ಕಿತ್ತಾಕ್ಸು.”

ಜನ ಗುಸುಗುಸು ಎಂದಿತು. “ಅವ್ವುಂಗೆ ಬುದ್ಧಿ ಭ್ರಮಣೆ ಆಗೋಗದೆ! ಇವ್ನೇ ಮಾಡ್ದ!” ಎಂದು ಬೀರಮ್ಮ ಮತ್ತೆ ಶುರು ಮಾಡಿದಳು. ಶೇಕ್‌ದಾರರು ಪುಟ್ಟಮಾದಯ್ಯನ ಕಡೆ ತಿರುಗಿ ಗದರಿದರು. “ಏನಯ್ಯ ಇದು? ಸರ್ಕಾರದವರ ಹತ್ತಿರ ಹುಡುಗಾಟವಾ? ಈಕೆಗೆ ಬಿಸಿಲು ಯಾಕೆ ಬೇಕು? ಸರಿಯಾಗಿ ಹೇಳು. ಇಲ್ಲದಿದ್ದರೆ ಎಲ್ಲರನ್ನೂ ಮದ್ದೂರಿಗೆ ನಡೆಸುತ್ತೇನೆ.”

ಪುಟ್ಟಮಾದಯ್ಯ ಸುತ್ತ ನೋಡಿದ. ಊರೆಲ್ಲ ಇತ್ತು. ಅಕ್ಕ ಇದ್ದಳು. ಚಿಕ್ಕರಸಿನಕೆರೆಯಲ್ಲಿ ಬಸ್ಸು ಕಾಯುವಾಗ ತನ್ನ ಮಾತು ಕೇಳಿದ್ದವರೂ ನಾಲ್ಕು ಜನ ಸುದ್ದಿ ತಿಳಿದು ಬಂದಿದ್ದರು. ಕಣ್ಣು ಮುಚ್ಚಿಕೊಂಡು ಹೇಳಿದ.

“ನಾನೇ ಸೋಮಿ. ಅವ್ವುನ್ನ ಐದು ವರ್ಸ ಒಳ್ಗೆ ಕೂರ್ಸಿದೆ. ಅವ್ಳು ಬ್ಯಾಡ ಬ್ಯಾಡ ಅನ್ನೋ ಮಕಾನೇ ಮಾಡ್ತಿದ್ಲು, ನಾನು ನೋಡ್ಲಿಲ್ಲ. ದೊಡ್ಮನ್ಸ ಅನ್ನಿಸ್ಕಳಾಕೆ ಮಾಡ್ದೆ. ಬಿಸ್ಲಿಲ್ದೆ ಮೂಳೆ ಟೊಳ್ಳಾಗವೆ ಅಂತ ಮಂಡ್ಯದ ಡಾಕುಟ್ರು ಯೋಳುದ್ರು. ಇದು ನೆಳ್ಳಿಂದ ಬಂದ ಕಾಯ್ಲೆ. ನೆಳ್ಳು ನಂದು.”

ಈ ಸಲ ಯಾರೂ ನಗಲಿಲ್ಲ. ಬಿಸಿಲು ಔಷಧಿ ಎಂದಾಗ ನಂಬದಿದ್ದವರೆಲ್ಲ ನೆರಳು ವಿಷ ಎಂದಾಗ ತಟ್ಟನೆ ನಂಬಿದರು. “ಕೊಟ್ಗೇಲೇ ಕಟ್ಟಿದ ಅಸುವ್ಗೂ ಕಾಲು ಸೋಲ್ತದೆ” ಎಂದು ಒಬ್ಬಳು ಹೆಂಗಸು ಹಿಂದಿನಿಂದ ಹೇಳಿದಳು. ಬೀರಮ್ಮ ಅವ್ವನ ತೋಳು ಮುಟ್ಟಿ ನೋಡಿ, ಬಡಿದುಕೊಳ್ಳುತ್ತಿದ್ದ ಕೈಯನ್ನು ಕೆಳಗಿಳಿಸಿದಳು. ಪುಟ್ಟಮಾದಯ್ಯನಿಗೆ ನಾಚಿಕೆಯಿಂದ ಅಳು ಬಂತು, ಅತ್ತ.

ಶೇಕ್‌ದಾರರು ಡಾಕ್ಟರ ಕಾಗದವನ್ನು ಇಸಿದುಕೊಂಡು ಎರಡು ಸಲ ಓದಿದರು. ಆಮೇಲೆ ಪಂಚನಾಮೆ ಬರೆದರು: ಪರವಾನಗಿಯಿಲ್ಲದ ಚಪ್ಪರವನ್ನು ಕೂಡಲೇ ಕೀಳತಕ್ಕದ್ದು. ದೊಡ್ಡತಾಯಮ್ಮ ಎಂಬಾಕೆ ಪ್ರತಿದಿನ ಹತ್ತರಿಂದ ಹನ್ನೊಂದರವರೆಗೆ ಸದರಿ ಬಯಲಿನಲ್ಲಿ ಕೂರತಕ್ಕದ್ದು. ಯಾರೂ ನೆರಳು ಮಾಡತಕ್ಕದ್ದಲ್ಲ. ಗುರುವಾರದ ನೀರು ಸರದಿಯಂತೆ ಹೋಗತಕ್ಕದ್ದು. ಪಟೇಲರು ಕೊನೆಯ ಸಾಲಿಗೆ ಬೇರೆಲ್ಲದಕ್ಕಿಂತ ಬೇಗ ರುಜು ಹಾಕಿದರು. ಕುದುರೆ ಹತ್ತುವ ಮೊದಲು ಶೇಕ್‌ದಾರರು ಪುಟ್ಟಮಾದಯ್ಯನನ್ನು ಬದಿಗೆ ಕರೆದು ಸಣ್ಣ ದನಿಯಲ್ಲಿ ಕೇಳಿದರು. “ಆ ಡಾಕ್ಟರ ಮನೆ ಮಂಡ್ಯದಲ್ಲಿ ಎಲ್ಲಿ ಬರುತ್ತೆ? ನಮ್ಮ ತಾಯಿಯವರೂ ಅಂಗಳಕ್ಕೆ ಇಳಿದು ಬಹಳ ವರ್ಷ ಆಯಿತು.”

ಎರಡು ತಿಂಗಳು ಔಷಧಿ ತಪ್ಪಲಿಲ್ಲ. ಯುಗಾದಿಗೆ ಮುಂಚೆ ಡಾಕ್ಟರು ಮತ್ತೆ ನೋಡಿದರು. ಸವೆದ ಮೂಳೆ ಪೂರ್ತಿ ವಾಪಸು ಬರುವುದಿಲ್ಲ ಎಂದು ಅವರು ಮುಚ್ಚುಮರೆ ಮಾಡದೆ ಹೇಳಿದರು. ಇದ್ದದ್ದು ನಿಂತಿದೆ, ಕಾಲಿಗೆ ಕಸುವು ಬಂದಿದೆ, ಬೀಳದೆ ನಡೆಯುತ್ತಾಳೆ, ಬಿಸಿಲು ಮಾತ್ರ ಬಿಡಬೇಡಿ ಎಂದರು. ಮೀನೆಣ್ಣೆ ಸೀಸೆಯೂ ಬಂದಿತ್ತು. ಅವತ್ತಿನಿಂದ ದೊಡ್ಡತಾಯಮ್ಮ ತಾನೇ ಚಾಪೆ ಸುತ್ತಿಕೊಂಡು ಪಟೇಲರ ಬಯಲಿಗೆ ನಡೆದುಹೋಗತೊಡಗಿದಳು. ಪುಟ್ಟಮಾದಯ್ಯ ನಾಲ್ಕು ಹೆಜ್ಜೆ ಹಿಂದೆ ಹೋಗುತ್ತಿದ್ದ, ಬೀಳದ ಹಾಗೆ ನೋಡಿಕೊಳ್ಳಲು.

ಯುಗಾದಿ ಕಳೆದ ವಾರ ಒಂದು ಬೆಳಿಗ್ಗೆ ಪಟೇಲರು ಜಗಲಿಯಿಂದ ಅವನಿಗೆ ಸನ್ನೆ ಮಾಡಿದರು. ಬಯಲಿನಲ್ಲಿ ದೊಡ್ಡತಾಯಮ್ಮನ ಪಕ್ಕ ಇನ್ನೊಂದು ಚಾಪೆ ಬಿದ್ದಿತ್ತು. ಅದರ ಮೇಲೆ ಪಟೇಲರ ಹೆಂಡತಿ ಹೊಂಬಾಳಮ್ಮ. ಮದುವೆಯಾಗಿ ಬಂದ ಮೇಲೆ ಹಬ್ಬಕ್ಕೊಮ್ಮೆ ಬಾಗಿಲಿಂದಾಚೆ ಕಂಡರೆ ಹೆಚ್ಚು ಎನ್ನಿಸಿದ್ದವರು, ತಲೆ ಬಿಚ್ಚಿ ಹರಡಿಕೊಂಡು, ಬೆನ್ನು ಬಿಸಿಲಿಗೆ ಕೊಟ್ಟು, ತಮ್ಮ ಮನೆಯ ಬಾಗಿಲನ್ನೇ ಮಿಕಮಿಕ ನೋಡುತ್ತಿದ್ದರು.

“ಲೋ ಪುಟ್ಟಮಾದ, ಬೆಳಿಗ್ಗೆಯಿಂದ ಮಾತಾಡ್ತಿಲ್ಲ ಕಣ್ಲಾ. ಅವ್ಳು ಔಸ್ದಿಗೆ ಕುಂತವ್ಳೋ, ನನ್ ಮ್ಯಾಲೆ ಕುಂತವ್ಳೋ? ನಾನು ಕೇಳಾಕಾಗಕ್ಕಿಲ್ಲ. ನಿಮ್ಮವ್ವನ್ನ ಕೇಳ್ಲಾ” ಎಂದರು ಪಟೇಲರು. ಬೆರಳು ಮಡಿಸಿ ತಾವು ಮಾಡಿದ ಒಂದೊಂದನ್ನೂ ನೆನೆಯುತ್ತಿದ್ದರು, ಆಗಲೇ ಎರಡನೆಯ ಕೈಗೆ ಬಂದಿದ್ದರು.

ಪುಟ್ಟಮಾದಯ್ಯ ಹೋಗಿ ಅವ್ವನ ಕಿವಿಯ ಹತ್ತಿರ ಬಗ್ಗಿ ಕೇಳಿದ.

ದೊಡ್ಡತಾಯಮ್ಮ ಹೊಂಬಾಳಮ್ಮನ ಕಡೆ ಒಂದು ಸಲ ನೋಡಿದಳು. “ಎರಡ್ಕೂವೆ ಅಂತ ಯೋಳೋಗು” ಎಂದಳು.

ಪುಟ್ಟಮಾದಯ್ಯ ಎರಡು ಹೆಜ್ಜೆ ಹೋದವನು ನಿಂತ. ಹತ್ತು ದಿನ ತುಟಿ ಬಿಚ್ಚದೆ ಕೂತಿದ್ದ ಅವ್ವ, ಹಾರದೊಳಗಿಂದ ತನ್ನನ್ನೇ ನೋಡಿದ್ದ ಅವ್ವ ನೆನಪಾದಳು. ತಾನು ಸುಮ್ಮನಿರು ಎಂದದ್ದಕ್ಕೇ ಅವಳು ಸುಮ್ಮನಿದ್ದಳು ಎಂದು ಇಷ್ಟು ದಿನ ತಿಳಿದಿದ್ದ. ತಿರುಗಿ ಬಂದು ಚಾಪೆಯ ಅಂಚಿನಲ್ಲಿ ಕೂತು ಕೇಳಿದ.

“ಅವ್ವಾ, ನೀನೂ ಅಂಗೇ ಕುಂತಿದ್ಯಾ? ನನ್ ಮ್ಯಾಲೆ?”

“ಔದು ಕಣ್ಲಾ” ಎಂದಳು ದೊಡ್ಡತಾಯಮ್ಮ. “ಅದು ನೀನು ಎಲ್ಲರ ಮುಂದೆ ಒಪ್ಕಂಡ ದಿನ್ವೇ ಮುಗೀತು. ಈಗ ಕುಂತಿರೋದು ಬರೀ ಮೂಳೆಗೆ.”